ಎನ್ವಿರಾನ್‌ಮೆಂಟ್ ಟೈಪ್ ಪಟ್ಟಿ ನೋಡಲು ಯಾವ ದಾರಿ? ಮಲೆನಾಡಿನ ಮನೆಯಿಂದ ಕ್ಲೌಡ್ ಕೆಲಸ ಮಾಡುವವರಿಗೆ

ಈ ಮಳೆಗಾಲದಲ್ಲಿ ಒಂದೇ ಪ್ರಶ್ನೆ ನನಗೆ ಮೂರು ಕಡೆಯಿಂದ ಬಂತು. ಒಬ್ಬ ಹೊಸನಗರ ಕಡೆಯ ಹುಡುಗ. ಕಂಪನಿ ಬೆಂಗಳೂರಿನದು, ಕೆಲಸ ಮನೆಯಿಂದ. ಇನ್ನೊಬ್ಬರು ಶಿವಮೊಗ್ಗ ಪೇಟೆಯಲ್ಲಿ ನಾಲ್ಕು ಜನರನ್ನಿಟ್ಟುಕೊಂಡು ಸಣ್ಣದಾಗಿ ಸಾಫ್ಟ್‌ವೇರ್ ಕೆಲಸ ಮಾಡಿಕೊಡುವ ಗೆಳೆಯರು. ಮೂರನೆಯವಳು ನಮ್ಮ ಪಕ್ಕದ ಮನೆಯ ಹುಡುಗಿ, ಇಂಜಿನಿಯರಿಂಗ್ ಕೊನೆಯ ವರ್ಷ, ಇಂಟರ್ನ್‌ಶಿಪ್ ಸಿಕ್ಕಿದೆ. ಮೂವರಿಗೂ ಕೆಲಸ ಇರುವುದು ಮೈಕ್ರೋಸಾಫ್ಟ್‌ನ ಆಜ್ಯೂರ್ ಡಿಪ್ಲಾಯ್‌ಮೆಂಟ್ ಎನ್ವಿರಾನ್‌ಮೆಂಟ್ಸ್ ಎಂಬ ಸೇವೆಯ ಮೇಲೆ; ಕೆಲಸಕ್ಕೆ ಬೇಕಾದ ಮಷಿನ್, ಡೇಟಾಬೇಸ್ ಮುಂತಾದವನ್ನು ಸಿದ್ಧ ನಮೂನೆಯಿಂದ ಕ್ಲೌಡಿನಲ್ಲಿ ಕಟ್ಟಿಸಿಕೊಳ್ಳುವ ಸೇವೆ ಅದು. ಮೂವರೂ ಕೇಳಿದ್ದು ಹೆಚ್ಚುಕಡಿಮೆ ಇದನ್ನೇ: ನನ್ನ ಪ್ರಾಜೆಕ್ಟಿನಲ್ಲಿ ಯಾವ ಯಾವ ಎನ್ವಿರಾನ್‌ಮೆಂಟ್ ಟೈಪ್ ಇವೆ ಎಂದು ನೋಡಬೇಕು. ಬ್ರೌಸರಿನಲ್ಲಿ ನೋಡಲೋ, ಕಮಾಂಡ್ ಲೈನಿನಲ್ಲೋ? ಕಮಾಂಡ್ ಲೈನ್ ಅಂದರೆ ನನ್ನ ಲ್ಯಾಪ್‌ಟಾಪಿನಲ್ಲೋ, ಕ್ಲೌಡ್ ಶೆಲ್‌ನಲ್ಲೋ, ಬೇರೆ ಮಷಿನ್ನಿನಲ್ಲೋ? ಪಟ್ಟಿ ಕೊಡುವ ಕಮಾಂಡೇ ನಾಲ್ಕು ಇವೆಯಲ್ಲ, ಅದರಲ್ಲಿ ಯಾವುದು?

ಬೆಂಗಳೂರಿನ ಆಫೀಸಿನಲ್ಲಿ ಕೂತವರಿಗೆ ಇದರಲ್ಲಿ ಯಾವುದಾದರೂ ನಡೆದೀತು. ಪುನರ್ವಸು ಮಳೆ ಹಿಡಿದಿರುವಾಗ, ಲೈನಿನ ಮೇಲೆ ಮರ ಬಿದ್ದು ಕರೆಂಟು ಯಾವಾಗ ಬರುತ್ತದೋ ಗೊತ್ತಿಲ್ಲದಿರುವಾಗ, ಮೊಬೈಲು ಹಿಡಿದು ಅಟ್ಟದ ಕಿಟಕಿಯಲ್ಲಿ ಎರಡು ಗೆರೆ ಸಿಗ್ನಲ್ ಹುಡುಕುವಾಗ, ದಾರಿ ಆರಿಸುವುದಕ್ಕೆ ಅರ್ಥ ಬರುತ್ತದೆ. ಹಾಗಾಗಿ ಇಲ್ಲಿನ ಪರಿಸ್ಥಿತಿಯನ್ನೇ ತಕ್ಕಡಿಯ ಒಂದು ಕಡೆ ಇಟ್ಟು ತೂಗಿದ್ದೇನೆ.

ಒಂದು ಸೂಚನೆ. ಕಮಾಂಡುಗಳನ್ನು ಓದಲು ಅನುಕೂಲವಾಗಲಿ ಎಂದು ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣ ಅಕ್ಷರಗಳಲ್ಲಿ ಹೊಡೆಯಬೇಕು. ‘ಎಝಡ್’ ಎಂದಿರುವಲ್ಲೆಲ್ಲ ಎ ಮತ್ತು ಝಡ್ ಎರಡೇ ಅಕ್ಷರ.

ಟೈಪ್ ಬೇರೆ, ಡೆಫಿನಿಷನ್ ಬೇರೆ

ಕೇಳಿದವರಲ್ಲಿ ಇಬ್ಬರು ಇಲ್ಲೇ ಎಡವಿದ್ದರು. ತೋಟ ಇರುವವರಿಗೆ ಹೇಳುವುದು ಸುಲಭ. ಅಡಿಕೆ ಸಸಿಯನ್ನು ಮೊದಲು ಸಸಿ ಮಡಿಯಲ್ಲಿ ಬೆಳೆಸುತ್ತೇವೆ, ಆಮೇಲೆ ತೋಟಕ್ಕೆ ಇಳಿಸುತ್ತೇವೆ. ಮಡಿಗೆ ಯಾರು ಬೇಕಾದರೂ ಕೈ ಹಾಕಬಹುದು, ಫಸಲು ಬರುವ ತೋಟಕ್ಕೆ ಹಾಗಲ್ಲ. ಯಾವ ಜಾಗ, ಆ ಜಾಗಕ್ಕೆ ಯಾರು ಇಳಿಯಬಹುದು, ಖರ್ಚು ಯಾರ ಲೆಕ್ಕಕ್ಕೆ ಎಂದು ಹೇಳುವುದು ಎನ್ವಿರಾನ್‌ಮೆಂಟ್ ಟೈಪ್. ಆ ಜಾಗದಲ್ಲಿ ಏನು ನೆಡುತ್ತೇವೆ ಎಂದು ಹೇಳುವುದು ಎನ್ವಿರಾನ್‌ಮೆಂಟ್ ಡೆಫಿನಿಷನ್. ನೆಟ್ಟ ಗಿಡವೇ ಎನ್ವಿರಾನ್‌ಮೆಂಟ್.

ಆಜ್ಯೂರಿನ ಮಾತಿನಲ್ಲಿ ಹೇಳುವುದಾದರೆ, ಮೇಲೆ ಡೆವ್ ಸೆಂಟರ್ ಒಂದು ಇರುತ್ತದೆ, ಅದರ ಕೆಳಗೆ ಪ್ರಾಜೆಕ್ಟುಗಳು. ಡೆವ್, ಟೆಸ್ಟ್, ಪ್ರಾಡ್, ಸ್ಯಾಂಡ್‌ಬಾಕ್ಸ್ ಎಂದು ಟೈಪುಗಳ ಹೆಸರನ್ನು ಮೊದಲು ಡೆವ್ ಸೆಂಟರಿನಲ್ಲಿ ಬರೆಯುತ್ತಾರೆ. ಹೆಸರು ತಂಡದ ಇಷ್ಟ. ಆಮೇಲೆ ಒಂದೊಂದು ಪ್ರಾಜೆಕ್ಟಿಗೂ ಬೇಕಾದ ಟೈಪುಗಳನ್ನು ಜೋಡಿಸುತ್ತಾರೆ. ಜೋಡಿಸುವಾಗಲೇ ಯಾವ ಸಬ್‌ಸ್ಕ್ರಿಪ್ಷನ್ನಿನಲ್ಲಿ (ಅಂದರೆ ಯಾವ ಬಿಲ್ಲಿನ ಖಾತೆಯಲ್ಲಿ) ಕಟ್ಟಬೇಕು, ಯಾವ ಐಡೆಂಟಿಟಿ (ಆಜ್ಯೂರಿನೊಳಗಿನ ಗುರುತು) ಕಟ್ಟುತ್ತದೆ, ಕಟ್ಟಿಸಿದವರಿಗೆ ಅದರ ಮೇಲೆ ಎಷ್ಟು ಅಧಿಕಾರ ಎಂಬುದೆಲ್ಲ ತೀರ್ಮಾನವಾಗುತ್ತದೆ. ಡೆಫಿನಿಷನ್ನುಗಳು ಬರುವುದು ಕ್ಯಾಟಲಾಗಿನಿಂದ, ಅಂದರೆ ಏನೇನು ಕಟ್ಟಬೇಕೆಂದು ಬರೆದು ಗಿಟ್ ರೆಪೊಸಿಟರಿಯಲ್ಲಿಟ್ಟ ಬೈಸೆಪ್, ಎಆರ್‌ಎಂ, ಟೆರಾಫಾರ್ಮ್ ಫೈಲುಗಳಿಂದ.

ಹೀಗಾಗಿ ‘ಟೈಪ್ ಪಟ್ಟಿ ನೋಡುತ್ತೇನೆ’ ಅಂದರೆ ‘ನನಗೆ ಯಾವ ಜಾಗದಲ್ಲಿ ನೆಡಲು ಬಿಟ್ಟಿದ್ದಾರೆ’ ಎಂದು ಕೇಳಿದ ಹಾಗೆ.

ಯಾವುದರಿಂದ ಅಳೆಯಬೇಕು

ನಾನು ಐದು ಸಂಗತಿ ನೋಡುತ್ತೇನೆ. ಮೊದಲನೆಯದು, ನಡುವೆ ಲೈನ್ ಕಡಿದರೆ ಏನಾಗುತ್ತದೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉಳಿದೆಲ್ಲಕ್ಕಿಂತ ಇದು ದೊಡ್ಡದು. ಎರಡನೆಯದು ಡೇಟಾ, ಫೈಬರ್ ಹೋದ ದಿನ ಮೊಬೈಲ್ ಪ್ಯಾಕಿನಲ್ಲೇ ಕೆಲಸ ಸಾಗಬೇಕು. ಮೂರನೆಯದು, ನಾನು ಕೇಳುತ್ತಿರುವುದು ಕೆಲಸಗಾರನಾಗಿಯೋ, ಮೇಲ್ವಿಚಾರಕನಾಗಿಯೋ. ನಾಲ್ಕನೆಯದು, ಸಿಕ್ಕ ಪಟ್ಟಿಯನ್ನು ಉಳಿಸಿಟ್ಟು ನಾಳೆಯದರ ಜೊತೆ ಹೋಲಿಸಲು ಬರುತ್ತದೆಯೇ. ಐದನೆಯದು ದುಡ್ಡು.

ದುಡ್ಡಿನ ಮಾತು ಇಲ್ಲೇ ಮುಗಿಸಿಬಿಡುತ್ತೇನೆ. ಪಟ್ಟಿ ನೋಡುವುದಕ್ಕೆ ಯಾವ ದಾರಿಯಲ್ಲೂ ಆಜ್ಯೂರ್ ಶುಲ್ಕ ಹಾಕುವುದಿಲ್ಲ. ಡಿಪ್ಲಾಯ್‌ಮೆಂಟ್ ಎನ್ವಿರಾನ್‌ಮೆಂಟ್ಸ್ ಸೇವೆಗೂ ಪ್ರತ್ಯೇಕ ಶುಲ್ಕವಿಲ್ಲ; ಅದರ ಮೂಲಕ ಕಟ್ಟಿಸಿದ ಮಷಿನ್, ಡೇಟಾಬೇಸ್, ಸ್ಟೋರೇಜಿಗೆ ಬಿಲ್ ಬರುತ್ತದೆ. ದುಡ್ಡು ಸೋರುವುದು ಕೂತುಕೊಳ್ಳುವ ಜಾಗದಲ್ಲಿ ಮತ್ತು ಮರೆತುಬಿಟ್ಟ ಎನ್ವಿರಾನ್‌ಮೆಂಟಿನಲ್ಲಿ.

ಬ್ರೌಸರಿನ ಡೆವೆಲಪರ್ ಪೋರ್ಟಲ್

ಹೊಸ ಎನ್ವಿರಾನ್‌ಮೆಂಟ್ ಮಾಡಲು ಹೋದರೆ ಟೈಪ್ ಆರಿಸುವ ಪಟ್ಟಿ ಅಲ್ಲೇ ಇಳಿಯುತ್ತದೆ. ಕಲಿಯುವುದು ಏನೂ ಇಲ್ಲ, ಇನ್‌ಸ್ಟಾಲ್ ಏನೂ ಇಲ್ಲ. ವಾರಕ್ಕೆ ಒಮ್ಮೆ ನೋಡುವವರಿಗೆ ಇದೇ ಸಾಕು ಎಂದು ಧೈರ್ಯವಾಗಿ ಹೇಳುತ್ತೇನೆ.

ತೊಂದರೆ ಎರಡು. ಪುಟ ಭಾರ, ಸಿಗ್ನಲ್ ಸಣ್ಣಗಾದರೆ ಅರ್ಧ ತೆರೆದು ಚಕ್ರ ತಿರುಗುತ್ತಾ ನಿಲ್ಲುತ್ತದೆ, ಮತ್ತೆ ತೆರೆದರೆ ಮೊದಲಿಂದ ಇಳಿಯಬೇಕು. ಎರಡನೆಯದು, ಅಲ್ಲಿ ಕಂಡದ್ದನ್ನು ಉಳಿಸಿಕೊಳ್ಳಲು ಸ್ಕ್ರೀನ್‌ಶಾಟ್ ಬಿಟ್ಟರೆ ದಾರಿಯಿಲ್ಲ. ‘ಹೋದ ವಾರ ಟೆಸ್ಟ್ ಟೈಪ್ ಇತ್ತು, ಈಗ ಕಾಣುತ್ತಿಲ್ಲ’ ಎಂದು ಮೇಲಿನವರಿಗೆ ತೋರಿಸಲು ಕೈಯಲ್ಲಿ ಏನೂ ಇರುವುದಿಲ್ಲ.

ಸ್ವಂತ ಲ್ಯಾಪ್‌ಟಾಪಿನ ಕಮಾಂಡ್ ಲೈನ್

ನಾನು ದಿನವೂ ಬಳಸುವುದು ಇದು. ಆಜ್ಯೂರ್ ಸಿಎಲ್‌ಐ, ಅಂದರೆ ಕಮಾಂಡುಗಳನ್ನು ಟೈಪ್ ಮಾಡಿ ಆಜ್ಯೂರನ್ನು ಕೇಳುವ ಪ್ರೋಗ್ರಾಂ, ಒಮ್ಮೆ ಹಾಕಿಕೊಂಡು, ಅದರ ಮೇಲೆ ‘ಎಝಡ್ ಎಕ್ಸ್‌ಟೆನ್ಷನ್ ಆ್ಯಡ್ --ನೇಮ್ ಡೆವ್‌ಸೆಂಟರ್’ ಎಂದು ಡೆವ್‌ಸೆಂಟರ್ ವಿಸ್ತರಣೆಯನ್ನು ಸೇರಿಸಿಕೊಳ್ಳಬೇಕು. ಇಷ್ಟನ್ನು ಒಳ್ಳೆಯ ನೆಟ್ ಇರುವ ಕಡೆಯೇ ಮಾಡಿ. ಶಿವಮೊಗ್ಗಕ್ಕೋ ತೀರ್ಥಹಳ್ಳಿಗೋ ಹೋದ ದಿನ ಮಾಡಿಕೊಂಡು ಬಂದರೆ ಮಳೆಗಾಲ ಪೂರ್ತಿ ನಿಶ್ಚಿಂತೆ.

ಆಮೇಲಿನದು ಹಗುರ. ಕಮಾಂಡ್ ಕೇಳುವುದು ಒಂದು ಸಣ್ಣ ಪ್ರಶ್ನೆ, ಬರುವುದು ಕೆಲವೇ ಸಾಲಿನ ಉತ್ತರ. ಎರಡು ಗೆರೆ ಸಿಗ್ನಲ್‌ನಲ್ಲೂ ಬರುತ್ತದೆ. ಲಾಗಿನ್ ಪ್ರತಿ ಸಲ ಬೇಕಿಲ್ಲ. ಒಮ್ಮೆ ‘ಎಝಡ್ ಲಾಗಿನ್’ ಮಾಡಿದರೆ ಟೋಕನ್ ಮಷಿನ್ನಿನಲ್ಲೇ ಉಳಿಯುತ್ತದೆ. ಆದರೆ ಲ್ಯಾಪ್‌ಟಾಪ್ ಮನೆಯವರೆಲ್ಲ ಬಳಸುವಂಥದ್ದಾದರೆ ಇದೇ ಅಪಾಯ. ಕೆಲಸ ಮುಗಿದ ಮೇಲೆ ‘ಎಝಡ್ ಲಾಗ್ಔಟ್’ ಮಾಡುವ ರೂಢಿ ಇಟ್ಟುಕೊಳ್ಳಿ.

ಉತ್ತರ ಸುಮ್ಮನೆ ಕೇಳಿದರೆ ಜೇಸನ್ ರೂಪದಲ್ಲಿ ಬರುತ್ತದೆ, ಆವರಣಗಳ ರಾಶಿ. ಕಣ್ಣಿಗೆ ಓದಲು ‘--ಔಟ್‌ಪುಟ್ ಟೇಬಲ್’ ಸೇರಿಸಿ. ಅಚ್ಚುಕಟ್ಟಾದ ಕೋಷ್ಟಕ ಸಿಗುತ್ತದೆ. ಸ್ಕ್ರಿಪ್ಟಿಗೆ ಕೊಡುವುದಾದರೆ ಟೇಬಲ್ ಬದಲು ‘ಟಿಎಸ್‌ವಿ’, ಟ್ಯಾಬಿನಿಂದ ಬೇರ್ಪಡಿಸಿದ ಸಾದಾ ಸಾಲುಗಳು. ಹೆಸರುಗಳಷ್ಟೇ ಬೇಕಾದರೆ ‘--ಕ್ವೆರಿ’ ಹಾಕಿ ಸೋಸಬಹುದು. ಕ್ವೆರಿ ಹಾಕಿದರೆ ಮೊಬೈಲ್ ಡೇಟಾ ಉಳಿಯುತ್ತದೆ ಎಂದು ಹಲವರು ಅಂದುಕೊಂಡಿದ್ದಾರೆ. ಉಳಿಯುವುದಿಲ್ಲ. ಪೂರ್ತಿ ಉತ್ತರ ಲ್ಯಾಪ್‌ಟಾಪಿಗೆ ಬಂದ ಮೇಲೆ ಸೋಸುವ ಕೆಲಸ ಇಲ್ಲೇ ನಡೆಯುತ್ತದೆ. ಟೈಪ್ ಪಟ್ಟಿ ಚಿಕ್ಕದಾದ್ದರಿಂದ ಅದರಿಂದ ನಷ್ಟವೇನೂ ಇಲ್ಲ.

ಲೈನ್ ಕಡಿಯುವ ವಿಷಯಕ್ಕೆ ಬರೋಣ, ಏಕೆಂದರೆ ಇದರಲ್ಲಿ ನನಗೆ ಪೆಟ್ಟು ಬಿದ್ದಿದೆ. ಪಟ್ಟಿ ಕೇಳುವ ಕಮಾಂಡ್ ಯಾವುದನ್ನೂ ಬದಲಿಸುವುದಿಲ್ಲ. ನಡುವೆ ನೆಟ್ ಹೋದರೆ ಬಂದ ಮೇಲೆ ಮತ್ತೆ ಹೊಡೆದರಾಯಿತು, ಹತ್ತು ಸಲ ಹೊಡೆದರೂ ಹಾನಿಯಿಲ್ಲ. ಎನ್ವಿರಾನ್‌ಮೆಂಟ್ ಕಟ್ಟಿಸುವ ‘ಕ್ರಿಯೇಟ್’ ಹಾಗಲ್ಲ. ಎರಡು ವರ್ಷದ ಹಿಂದೆ ಜುಲೈನಲ್ಲಿ ಒಂದು ಸಂಜೆ ಕ್ರಿಯೇಟ್ ಹೊಡೆದು ಕೂತಿದ್ದೆ, ಕರೆಂಟು ಹೋಯಿತು, ರೂಟರ್ ಆರಿತು. ಕೆಲಸ ಆಗಿಲ್ಲ ಎಂದುಕೊಂಡು ಕರೆಂಟು ಬಂದ ಮೇಲೆ ಬೇರೆ ಹೆಸರಿಟ್ಟು ಇನ್ನೊಮ್ಮೆ ಹೊಡೆದೆ. ಮೊದಲಿನ ಕೋರಿಕೆ ಆಗಲೇ ಕ್ಲೌಡಿಗೆ ಮುಟ್ಟಿತ್ತು, ನಾನಿಲ್ಲದೆಯೂ ಅಲ್ಲಿ ಕಟ್ಟಿ ಮುಗಿದಿತ್ತು. ಎರಡು ಡೇಟಾಬೇಸ್ ಪಕ್ಕಪಕ್ಕ ಓಡಿದವು, ತಿಂಗಳ ಕೊನೆಗೆ ಎರಡರ ಬಿಲ್ಲೂ ಬಂತು. ಅಂದಿನಿಂದ ನೆಟ್ ಕಡಿದು ಬಂದ ಮೇಲೆ ನಾನು ಮೊದಲು ಹೊಡೆಯುವುದು ‘ಎಝಡ್ ಡೆವ್‌ಸೆಂಟರ್ ಡೆವ್ ಎನ್ವಿರಾನ್‌ಮೆಂಟ್ ಲಿಸ್ಟ್’. ಅದರಲ್ಲಿ ಹೆಸರು ಕಂಡರೆ ಮತ್ತೆ ಕಟ್ಟಿಸುವುದಿಲ್ಲ.

ಆಜ್ಯೂರ್ ಕ್ಲೌಡ್ ಶೆಲ್

ಬ್ರೌಸರಿನ ಒಳಗೇ ತೆರೆಯುವ ಟರ್ಮಿನಲ್. ಸಿಎಲ್‌ಐ ಅದರಲ್ಲಿ ಮೊದಲೇ ಇರುತ್ತದೆ, ಲಾಗಿನ್ ಕೂಡ ಆಗಿಯೇ ಇರುತ್ತದೆ. ಆಜ್ಯೂರಿನ ಮೊಬೈಲ್ ಆ್ಯಪಿನಲ್ಲೂ ಸಿಗುತ್ತದೆ. ಲ್ಯಾಪ್‌ಟಾಪ್ ಬ್ಯಾಟರಿ ಮುಗಿದು ಫೋನ್ ಮಾತ್ರ ಉಳಿದ ದಿನ ಇದೊಂದೇ ಆಸರೆ. ಹೋದ ಆಷಾಢದಲ್ಲಿ ನಮ್ಮಲ್ಲಿ ಒಂದೂವರೆ ದಿನ ಕರೆಂಟಿರಲಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ತಂಡದವರಿಗೆ ಟೆಸ್ಟ್ ಟೈಪ್ ಚಾಲೂ ಇದೆಯೋ ಇಲ್ಲವೋ ಹೇಳಲೇಬೇಕಿತ್ತು. ಗುಡ್ಡದ ತುದಿಯ ಗೇರು ಮರದ ಕೆಳಗೆ ಕೊಡೆ ಹಿಡಿದು ನಿಂತು, ಫೋನಿನಲ್ಲೇ ಪಟ್ಟಿ ತೆಗೆದು ಹೇಳಿದೆ.

ಇದರ ಮಿತಿಗಳನ್ನು ತಿಳಿದಿರಬೇಕು. 20 ನಿಮಿಷ ಕೈ ಆಡಿಸದಿದ್ದರೆ ಮುಚ್ಚಿಕೊಳ್ಳುತ್ತದೆ. ಸ್ಟೋರೇಜ್ ಜೋಡಿಸದೆಯೂ ಬಳಸಬಹುದು, ಆದರೆ ಆಗ ಮುಚ್ಚಿದೊಡನೆ ಉಳಿಸಿದ ಫೈಲುಗಳೂ ಹೋಗುತ್ತವೆ. ಉಳಿಯಬೇಕಾದರೆ ಒಂದು ಫೈಲ್ ಶೇರ್ ಜೋಡಿಸಬೇಕು, ಅದಕ್ಕೆ ಸ್ವಲ್ಪ ದುಡ್ಡು. ಶೆಲ್ ಮಷಿನ್ನಿಗೆ ಬಾಡಿಗೆ ಇಲ್ಲ.

ಬೇರೆ ಕ್ಲೌಡುಗಳಲ್ಲೂ ಇಂಥದ್ದಿದೆ. ಗೂಗಲ್ ಕ್ಲೌಡ್ ಶೆಲ್ 5 ಜಿಬಿ ಜಾಗ ಕೊಡುತ್ತದೆ, ವಾರಕ್ಕೆ 50 ಗಂಟೆಯ ಮಿತಿ. ಅಮೆಜಾನಿನ ಕ್ಲೌಡ್‌ಶೆಲ್ ಒಂದೊಂದು ರೀಜನ್ನಿಗೆ 1 ಜಿಬಿ. ಎರಡರಲ್ಲೂ 120 ದಿನ ಮುಟ್ಟದೆ ಬಿಟ್ಟರೆ ಇಟ್ಟದ್ದು ಅಳಿಸಿಹೋಗುತ್ತದೆ. ಕೊನೆಯ ಪರೀಕ್ಷೆ ಮುಗಿಸಿ ರಜೆಯೆಲ್ಲ ಕೊನೆ ಕೊಯ್ಲಿನಲ್ಲಿ ಕಳೆಯುವ ವಿದ್ಯಾರ್ಥಿಗಳು ಈ 120ನ್ನು ನೆನಪಿಡಬೇಕು.

ದೂರದ ಒಂದು ಸಣ್ಣ ಮಷಿನ್

ಕ್ಲೌಡಿನಲ್ಲೇ ಒಂದು ಸಣ್ಣ ಲಿನಕ್ಸ್ ಮಷಿನ್ ಇಟ್ಟುಕೊಂಡು, ಇಲ್ಲಿಂದ ಎಸ್‌ಎಸ್‌ಎಚ್ ಮೂಲಕ ಅದರೊಳಗೆ ಹೋಗಿ ಕೆಲಸ ಮಾಡುವುದು. ಪಟ್ಟಿ ನೋಡುವುದಕ್ಕೆ ಮಾತ್ರವಾದರೆ ಇದು ಹೆಚ್ಚಾಯಿತು. ದಿನವಿಡೀ ಕ್ಲೌಡಿನಲ್ಲೇ ಕೆಲಸ ಇರುವವರಿಗೆ, ಅದೂ ಘಟ್ಟದ ಅಂಚಿನ ಹಳ್ಳಿಗಳಲ್ಲಿ ಇರುವವರಿಗೆ, ನಾನು ಇದನ್ನೇ ಹೇಳುವುದು.

ಕಾರಣ ಟಿಮಕ್ಸ್. ಆ ಮಷಿನ್ನಿನ ಒಳಗೆ ಟಿಮಕ್ಸ್ ತೆರೆದು ಅದರಲ್ಲಿ ಕಮಾಂಡ್ ಹೊಡೆದರೆ, ಇಲ್ಲಿ ನಮ್ಮ ಲೈನ್ ಹೋದರೂ ಅಲ್ಲಿ ಕೆಲಸ ನಿಲ್ಲುವುದಿಲ್ಲ. ಒಂದು ಗಂಟೆ ಬಿಟ್ಟು ಮತ್ತೆ ಒಳಗೆ ಹೋಗಿ ‘ಟಿಮಕ್ಸ್ ಅಟ್ಯಾಚ್’ ಎಂದರೆ ಬಿಟ್ಟ ಜಾಗದಿಂದಲೇ ಪರದೆ ತೆರೆಯುತ್ತದೆ. ಎಸ್‌ಎಸ್‌ಎಚ್ ಬದಲು ಮಾಶ್ ಹಾಕಿಕೊಂಡರೆ ಇನ್ನೂ ಹಿತ. ಫೈಬರ್ ಹೋಗಿ ಮೊಬೈಲ್ ಹಾಟ್‌ಸ್ಪಾಟಿಗೆ ಬದಲಾದಾಗ ಐಪಿ ವಿಳಾಸ ಬದಲಾಗುತ್ತದೆ, ಎಸ್‌ಎಸ್‌ಎಚ್ ಅಲ್ಲೇ ಸಾಯುತ್ತದೆ. ಮಾಶ್ ಅದನ್ನು ತಡೆದುಕೊಂಡು ಮುಂದುವರಿಯುತ್ತದೆ. ಅದು ಯುಡಿಪಿಯಲ್ಲಿ 60000ದಿಂದ 61000ದವರೆಗಿನ ಪೋರ್ಟುಗಳನ್ನು ಬಳಸುತ್ತದೆ, ಮಷಿನ್ನಿನ ಫೈರ್‌ವಾಲಿನಲ್ಲಿ ಅದಕ್ಕೆ ದಾರಿ ಬಿಡಬೇಕು. ವಿಂಡೋಸ್‌ನಲ್ಲಿ ಡಬ್ಲ್ಯೂಎಸ್‌ಎಲ್ (ವಿಂಡೋಸಿನೊಳಗೇ ಓಡುವ ಲಿನಕ್ಸ್) ಒಳಗಿನಿಂದ ಮಾಶ್ ಓಡಿಸಬಹುದು.

ಖರ್ಚು ಇಲ್ಲಿ ನಿಜ. ಪಟ್ಟಿ ನೋಡಲು, ಸ್ಕ್ರಿಪ್ಟ್ ಓಡಿಸಲು ಬಿ1ಎಸ್ ಎಂಬ ಅತಿ ಸಣ್ಣ ಮಷಿನ್ ಸಾಕು: ಒಂದು ವರ್ಚುವಲ್ ಸಿಪಿಯು, 1 ಜಿಬಿ ಮೆಮೊರಿ. ಆದರೆ ಮಷಿನ್ನಿನ ಒಳಗಿನಿಂದ ಶಟ್‌ಡೌನ್ ಮಾಡಿದರೆ ಬಾಡಿಗೆ ನಿಲ್ಲುವುದಿಲ್ಲ. ಬಹಳ ಜನ ಇಲ್ಲಿ ಮೋಸ ಹೋಗುತ್ತಾರೆ. ಹೊರಗಿನಿಂದ ‘ಎಝಡ್ ವಿಎಂ ಡೀಅಲೊಕೇಟ್’ ಮಾಡಿದರೆ ಮಾತ್ರ ಮಷಿನ್ನಿನ ಮೀಟರು ನಿಲ್ಲುತ್ತದೆ. ಡಿಸ್ಕಿನ ಬಾಡಿಗೆ ಆಗಲೂ ಇರುತ್ತದೆ. ರಾತ್ರಿ ಇಷ್ಟು ಹೊತ್ತಿಗೆ ತಾನೇ ನಿಲ್ಲಲಿ ಎಂದು ಆಟೋ ಶಟ್‌ಡೌನ್ ಸಮಯ ಇಟ್ಟುಬಿಡಿ, ಅದು ಡೀಅಲೊಕೇಟ್ ಮಾಡಿಯೇ ನಿಲ್ಲಿಸುತ್ತದೆ.

ಸ್ವಂತ ಮಷಿನ್ ನೋಡಿಕೊಳ್ಳುವ ಉಸಾಬರಿ ಬೇಡ ಎನ್ನುವವರಿಗೆ ಗಿಟ್‌ಹಬ್ ಕೋಡ್‌ಸ್ಪೇಸಸ್ ಇದೆ, ಬ್ರೌಸರಿನಲ್ಲೇ ತೆರೆದು ಕೋಡ್ ಬರೆಯಬಹುದಾದ ಕ್ಲೌಡ್ ಮಷಿನ್. ವೈಯಕ್ತಿಕ ಉಚಿತ ಖಾತೆಗೆ ತಿಂಗಳಿಗೆ 120 ಕೋರ್-ಗಂಟೆ ಕೊಡುತ್ತಾರೆ, ಅಂದರೆ ಎರಡು ಕೋರಿನ ಮಷಿನ್ ಆದರೆ 60 ಗಂಟೆ. ಜೊತೆಗೆ 15 ಜಿಬಿ ಜಾಗ. ಅರ್ಧ ಗಂಟೆ ಸುಮ್ಮನಿದ್ದರೆ ತಾನೇ ನಿಲ್ಲುತ್ತದೆ, ಹಾಗಾಗಿ ಮರೆತರೂ ಕೈ ಸುಡುವುದು ಕಡಿಮೆ. ಅದರಲ್ಲಿ ಸಿಎಲ್‌ಐ ಹಾಕಿಕೊಂಡು ಇದೇ ಕಮಾಂಡುಗಳನ್ನು ಓಡಿಸಬಹುದು.

ನಾಲ್ಕು ಪಟ್ಟಿ, ನಾಲ್ಕು ಪ್ರಶ್ನೆ

ಪಕ್ಕದ ಮನೆಯ ಹುಡುಗಿ ಒಂದು ಸಂಜೆ ಲ್ಯಾಪ್‌ಟಾಪ್ ಎದೆಗವಚಿಕೊಂಡು ಜಗಲಿ ಹತ್ತಿ ಬಂದಳು.

“ಪಟ್ಟಿ ಖಾಲಿ ಬರ್ತಿದೆ ಅಣ್ಣಾ. ಎರರ್ರೂ ಇಲ್ಲ, ಹೆಸರೂ ಇಲ್ಲ. ಮೂರು ಟೈಪ್ ಇದೆ ಅಂತ ಆಫೀಸಿನವರು ಹೇಳಿದ್ರು.”

“ಅವರು ಎಲ್ಲಿ ನೋಡಿ ಹೇಳಿದ್ರು ಕೇಳಿದ್ಯಾ?”

ಕೇಳಿರಲಿಲ್ಲ. ಫೋನ್ ಮಾಡಿ ಕೇಳಿದಳು. ಅವರು ನೋಡಿದ್ದು ಡೆವ್ ಸೆಂಟರಿನ ಪಟ್ಟಿ, ಇವಳು ನೋಡಿದ್ದು ಪ್ರಾಜೆಕ್ಟಿನ ಪಟ್ಟಿ. ಡೆವ್ ಸೆಂಟರಿನಲ್ಲಿ ಮೂರು ಹೆಸರು ಬರೆದಿದ್ದರು, ಇವಳ ಪ್ರಾಜೆಕ್ಟಿಗೆ ಒಂದನ್ನೂ ಜೋಡಿಸಿರಲಿಲ್ಲ. ಇಬ್ಬರೂ ಹೇಳಿದ್ದು ನಿಜವೇ.

ಆದ್ದರಿಂದ ಕಮಾಂಡ್ ಆರಿಸುವ ಮೊದಲು ಪ್ರಶ್ನೆ ಆರಿಸಿಕೊಳ್ಳಬೇಕು.

‘ನಾನು ಈಗ ಯಾವುದರಲ್ಲಿ ಕಟ್ಟಿಸಬಹುದು’ ಎಂದು ಕೇಳುವುದಾದರೆ ‘ಎಝಡ್ ಡೆವ್‌ಸೆಂಟರ್ ಡೆವ್ ಎನ್ವಿರಾನ್‌ಮೆಂಟ್-ಟೈಪ್ ಲಿಸ್ಟ್’, ಜೊತೆಗೆ ‘--ಡೆವ್-ಸೆಂಟರ್-ನೇಮ್’ ಮತ್ತು ‘--ಪ್ರಾಜೆಕ್ಟ್-ನೇಮ್’. ಕೆಲಸ ಮಾಡುವವರ ಪಟ್ಟಿ ಇದು. ಹೆಸರಿನ ಜೊತೆ ಯಾವ ಸಬ್‌ಸ್ಕ್ರಿಪ್ಷನ್ನಿಗೆ ಹೋಗುತ್ತದೆ, ಸದ್ಯ ಎನೇಬಲ್ಡ್ ಇದೆಯೋ ಡಿಸೇಬಲ್ಡ್ ಇದೆಯೋ ಎಂದೂ ಹೇಳುತ್ತದೆ. ಡಿಸೇಬಲ್ಡ್ ಎಂದಿರುವುದರಲ್ಲಿ ಹೊಸದು ಕಟ್ಟಿಸಲಾಗುವುದಿಲ್ಲ. ಹೆಸರು ಕಂಡಿತು ಎಂದು ಖುಷಿಪಟ್ಟು ಮುಂದೆ ಹೋಗಬೇಡಿ, ಸ್ಟೇಟಸ್ ಓದಿ.

‘ಈ ಪ್ರಾಜೆಕ್ಟಿಗೆ ಏನೇನು ಜೋಡಿಸಿದ್ದೇವೆ, ಯಾವ ಅಧಿಕಾರದೊಂದಿಗೆ’ ಎಂದಾದರೆ ‘ಎಝಡ್ ಡೆವ್‌ಸೆಂಟರ್ ಅಡ್ಮಿನ್ ಪ್ರಾಜೆಕ್ಟ್-ಎನ್ವಿರಾನ್‌ಮೆಂಟ್-ಟೈಪ್ ಲಿಸ್ಟ್’. ಇದಕ್ಕೆ ಪ್ರಾಜೆಕ್ಟಿನ ಹೆಸರಿನ ಜೊತೆ ಅದು ಇರುವ ರಿಸೋರ್ಸ್ ಗ್ರೂಪಿನ (ಆಜ್ಯೂರಿನಲ್ಲಿ ಸಂಬಂಧಪಟ್ಟದ್ದನ್ನೆಲ್ಲ ಒಟ್ಟಿಗೆ ಇಡುವ ಗುಂಪು) ಹೆಸರೂ ಬೇಕು. ಐಡೆಂಟಿಟಿ, ಕಟ್ಟಿಸಿದವರಿಗೆ ಸಿಗುವ ಪಾತ್ರ (ರೋಲ್, ಅಂದರೆ ಅಧಿಕಾರಗಳ ಕಟ್ಟು), ಎಲ್ಲ ಇದರಲ್ಲಿ ಕಾಣುತ್ತದೆ. ‘ಈ ಪ್ರಾಜೆಕ್ಟಿಗೆ ಇನ್ನೂ ಏನೇನು ಜೋಡಿಸಬಹುದು’ ಎಂದಾದರೆ ‘ಪ್ರಾಜೆಕ್ಟ್-ಅಲೌಡ್-ಎನ್ವಿರಾನ್‌ಮೆಂಟ್-ಟೈಪ್’. ‘ಒಟ್ಟು ಡೆವ್ ಸೆಂಟರಿನಲ್ಲಿ ಯಾವ ಹೆಸರುಗಳಿವೆ’ ಎಂದಾದರೆ ‘ಅಡ್ಮಿನ್ ಎನ್ವಿರಾನ್‌ಮೆಂಟ್-ಟೈಪ್ ಲಿಸ್ಟ್’. ಮೊನ್ನೆ ಫೋನಿನ ಆ ಕಡೆಯವರು ನೋಡಿದ್ದು ಇದನ್ನೇ.

ಡೆವ್ ಎಂದು ಶುರುವಾಗುವುದಕ್ಕೂ ಅಡ್ಮಿನ್ ಎಂದು ಶುರುವಾಗುವುದಕ್ಕೂ ಬಾಗಿಲೇ ಬೇರೆ. ಅಡ್ಮಿನ್ ಕಮಾಂಡುಗಳು ಆಜ್ಯೂರಿನ ಸಾಮಾನ್ಯ ನಿರ್ವಹಣೆಯ ಬಾಗಿಲಿಗೆ ಹೋಗುತ್ತವೆ. ಆ ರಿಸೋರ್ಸ್ ಗ್ರೂಪನ್ನು ಓದುವ ಹಕ್ಕಿದ್ದರೆ ಉತ್ತರ ಸಿಗುತ್ತದೆ. ಡೆವ್ ಕಮಾಂಡುಗಳು ಹೋಗುವುದು ಡೆವ್ ಸೆಂಟರಿನದೇ ಬಾಗಿಲಿಗೆ. ಅಲ್ಲಿ ‘ಡಿಪ್ಲಾಯ್‌ಮೆಂಟ್ ಎನ್ವಿರಾನ್‌ಮೆಂಟ್ಸ್ ಯೂಸರ್’ ಅಥವಾ ‘ಡೆವ್‌ಸೆಂಟರ್ ಪ್ರಾಜೆಕ್ಟ್ ಅಡ್ಮಿನ್’ ಥರದ ಪಾತ್ರ ಬೇಕು. ಸಬ್‌ಸ್ಕ್ರಿಪ್ಷನ್ನಿಗೇ ಓನರ್ ಆಗಿದ್ದರೂ ಈ ಬಾಗಿಲು ತಾನಾಗಿ ತೆರೆಯುವುದಿಲ್ಲ. ಶಿವಮೊಗ್ಗದ ಗೆಳೆಯರು ಅರ್ಧ ದಿನ ಒದ್ದಾಡಿದ್ದು ಇದಕ್ಕೇ: ಖಾತೆ ಅವರದ್ದು, ಬಿಲ್ ಕಟ್ಟುವವರು ಅವರು, ಆದರೂ ಅನುಮತಿ ಇಲ್ಲ ಎಂಬ ಉತ್ತರ. ಪಾತ್ರ ಹಾಕಿಕೊಂಡ ಮೇಲೂ ಕೂಡಲೇ ಕೆಲಸ ಮಾಡುವುದಿಲ್ಲ. ಒಂದು ಹತ್ತು ನಿಮಿಷ ಕಾಯಬೇಕು. ಅಷ್ಟರೊಳಗೆ ಮತ್ತೆ ತಪ್ಪಿದರೆ ಹೊಸದಾಗಿ ಏನನ್ನೂ ಬದಲಿಸಲು ಹೋಗಬೇಡಿ, ಕಾಫಿ ಕುಡಿದು ಬನ್ನಿ.

ಯೂಸರ್ ಪಾತ್ರವನ್ನು ಇಡೀ ಪ್ರಾಜೆಕ್ಟಿಗೂ ಕೊಡಬಹುದು, ಒಂದೇ ಟೈಪಿಗೂ ಕೊಡಬಹುದು. ಹೊಸಬರಿಗೆ ಡೆವ್ ಟೈಪಿನ ಮೇಲೆ ಮಾತ್ರ ಕೊಡುವುದು ಒಳ್ಳೆಯ ಪದ್ಧತಿ. ಹಾಗೆ ಕೊಟ್ಟಿರುವಾಗ ಇಬ್ಬರಿಗೆ ಮಾಡಲು ಸಾಧ್ಯವಿರುವ ಕೆಲಸ ಬೇರೆ ಬೇರೆ ಇರುತ್ತದೆ. ಸಹೋದ್ಯೋಗಿಯ ಪರದೆಯ ಜೊತೆ ನಿಮ್ಮದನ್ನು ಹೋಲಿಸುವ ಮೊದಲು ಇಬ್ಬರ ಪಾತ್ರ ಒಂದೇ ಏನು ಎಂದು ನೋಡಿಕೊಳ್ಳಿ.

ಯಾರಿಗೆ ಯಾವುದು

ಹೊಸನಗರದ ಹುಡುಗನಿಗೆ ಲ್ಯಾಪ್‌ಟಾಪಿನ ಸಿಎಲ್‌ಐ ಮತ್ತು ಡೆವ್ ಪಟ್ಟಿ ಸಾಕು ಎಂದೆ. ಕಂಪನಿ ದೂರದ ಮಷಿನ್ ಕೊಟ್ಟರೆ ಬೇಡ ಎನ್ನಬೇಡ, ಟಿಮಕ್ಸ್ ಕಲಿತುಕೋ ಎಂದೂ ಹೇಳಿದೆ. ಅವನ ಮನೆಯ ರೂಟರಿಗೆ ಒಂದು ಸಣ್ಣ ಯುಪಿಎಸ್ ಇಡಿಸಿದ್ದು ಇದೆಲ್ಲಕ್ಕಿಂತ ಹೆಚ್ಚು ಉಪಕಾರವಾಗಿದೆ. ಕರೆಂಟು ಹೋದರೂ ಫೈಬರ್ ಜೀವಂತವಿರುವ ಸಮಯ ನಮ್ಮ ಕಡೆ ಬೇಕಷ್ಟಿರುತ್ತದೆ. ಆರುವುದು ಮನೆಯ ರೂಟರ್.

ಶಿವಮೊಗ್ಗದ ಗೆಳೆಯರದು ಬೇರೆ ಕಥೆ. ಪೇಟೆಯಲ್ಲಿ ನೆಟ್ ಚೆನ್ನಾಗಿದೆ, ಲೈನ್ ಕಡಿಯುವ ಚಿಂತೆ ಕಡಿಮೆ. ಅವರಿಗೆ ಬೇಕಿರುವುದು ದಾಖಲೆ. ನಾಲ್ಕು ಜನ, ಮೂರು ಗಿರಾಕಿಗಳ ಪ್ರಾಜೆಕ್ಟು, ಯಾರು ಯಾವುದನ್ನು ಯಾವಾಗ ಬದಲಿಸಿದರು ಎಂದು ಗೊತ್ತಾಗಬೇಕು. ಅವರಿಗೆ ಸಣ್ಣ ಮಷಿನ್ ಒಂದನ್ನು ಹೇಳಿದೆ. ದಿನಾ ಬೆಳಿಗ್ಗೆ ಒಂದು ಸ್ಕ್ರಿಪ್ಟ್ ಅಡ್ಮಿನ್ ಪಟ್ಟಿಯನ್ನು ಜೇಸನ್ ರೂಪದಲ್ಲಿ ತೆಗೆದು ಗಿಟ್‌ನಲ್ಲಿ ಸೇರಿಸುತ್ತದೆ. ಬದಲಾವಣೆ ಇದ್ದ ದಿನ ಮಾತ್ರ ಹೊಸ ಸಾಲು ಕಾಣುತ್ತದೆ. ಮೊದಲ ವಾರವೇ ಒಂದು ಪ್ರಾಜೆಕ್ಟಿನ ಟೆಸ್ಟ್ ಟೈಪ್ ತಪ್ಪು ಸಬ್‌ಸ್ಕ್ರಿಪ್ಷನ್ನಿಗೆ ಜೋಡಣೆಯಾಗಿದ್ದು ಕಣ್ಣಿಗೆ ಬಿತ್ತು. ಒಬ್ಬ ಗಿರಾಕಿಯ ಖರ್ಚು ಇನ್ನೊಬ್ಬರ ಬಿಲ್ಲಿಗೆ ಹೋಗುತ್ತಿತ್ತು. ಪೋರ್ಟಲಿನಲ್ಲಿ ದಿನವೂ ನೋಡುತ್ತಿದ್ದವರಿಗೆ ಅದು ಕಂಡಿರಲಿಲ್ಲ, ಏಕೆಂದರೆ ಅಲ್ಲಿ ಹೆಸರಷ್ಟೇ ನೋಡುತ್ತಿದ್ದರು.

ಸ್ಕ್ರಿಪ್ಟಿನ ಪರವಾಗಿ ಇನ್ನೊಂದು ಮಾತಿದೆ. ಇಂಥ ಸೇವೆಗಳ ಮುಖ ಬದಲಾಗುತ್ತಿರುತ್ತದೆ, ಕೆಲವು ನಿಂತೇ ಹೋಗುತ್ತವೆ. ಬ್ರೌಸರಿನಲ್ಲೇ ಕೋಡ್ ಬರೆಯುವ ಅಮೆಜಾನಿನ ಕ್ಲೌಡ್9 ಮೇಲೆ ಕಲಿತವರು ನಮ್ಮ ಜಿಲ್ಲೆಯಲ್ಲೂ ಇದ್ದಾರೆ. 2024ರ ಜುಲೈನಲ್ಲಿ ಅದು ಹೊಸ ಗ್ರಾಹಕರಿಗೆ ಬಾಗಿಲು ಮುಚ್ಚಿತು. ಸಾದಾ ಫೈಲಿನಲ್ಲಿ ಬರೆದಿಟ್ಟ ನಾಲ್ಕು ಸಾಲಿನ ಕಮಾಂಡನ್ನು ಯಾವ ಮಷಿನ್ನಿಗೆ ಬೇಕಾದರೂ ಎತ್ತಿಕೊಂಡು ಹೋಗಬಹುದು.

ವಿದ್ಯಾರ್ಥಿಗಳಿಗೆ ದುಡ್ಡೇ ಮೊದಲು. ಆಜ್ಯೂರ್ ಫಾರ್ ಸ್ಟೂಡೆಂಟ್ಸ್‌ನಲ್ಲಿ 12 ತಿಂಗಳಿಗೆ 100 ಡಾಲರ್ ಕ್ರೆಡಿಟ್ ಸಿಗುತ್ತದೆ, ಕ್ರೆಡಿಟ್ ಕಾರ್ಡ್ ಕೇಳುವುದಿಲ್ಲ. ಅದನ್ನು ಮಷಿನ್ ಬಾಡಿಗೆಗೆ ಕರಗಿಸಬೇಡಿ. ಪಟ್ಟಿ ನೋಡಲು ಕ್ಲೌಡ್ ಶೆಲ್, ಕೋಡ್ ಬರೆಯಲು ಕೋಡ್‌ಸ್ಪೇಸಸ್‌ನ ಉಚಿತ ಗಂಟೆ. ಕ್ರೆಡಿಟ್ಟು ಕಲಿಯಲು ಕಟ್ಟಿಸುವ ಎನ್ವಿರಾನ್‌ಮೆಂಟಿಗೆ ಉಳಿಯಲಿ. ಕಟ್ಟಿಸುವಾಗ ‘--ಎಕ್ಸ್‌ಪಿರೇಷನ್-ಡೇಟ್’ ಕೊಟ್ಟರೆ ಆ ಹೊತ್ತಿಗೆ ಎನ್ವಿರಾನ್‌ಮೆಂಟ್ ತಾನೇ ಅಳಿಯುತ್ತದೆ. ನೆಟ್ ಇಲ್ಲದೆ ಮೂರು ದಿನ ಕೂತರೂ ಮೀಟರು ಓಡುತ್ತಿರುವ ಭಯವಿಲ್ಲ. ನನ್ನ ಮಟ್ಟಿಗೆ ಮಲೆನಾಡಿನ ಮಳೆಗಾಲಕ್ಕೆ ಇದಕ್ಕಿಂತ ಒಳ್ಳೆಯ ಸೌಲಭ್ಯ ಆ ಸೇವೆಯಲ್ಲಿ ಇನ್ನೊಂದಿಲ್ಲ.

ಪಕ್ಕದ ಮನೆಯ ಹುಡುಗಿಯ ಪ್ರಾಜೆಕ್ಟಿಗೆ ಮರುದಿನ ಎರಡು ಟೈಪ್ ಜೋಡಿಸಿಕೊಟ್ಟರು. ಸಂಜೆ ನಮ್ಮ ಜಗಲಿಯಲ್ಲೇ ಕೂತು ಡೆವ್ ಪಟ್ಟಿ ತೆಗೆದಳು: ಡೆವ್ ಎದುರು ಎನೇಬಲ್ಡ್, ಟೆಸ್ಟ್ ಎದುರು ಡಿಸೇಬಲ್ಡ್. ಡೆವ್ ಆರಿಸಿಕೊಂಡಳು, ಅವಧಿಯನ್ನು ಶನಿವಾರ ಸಂಜೆಗೆ ಇಟ್ಟಳು, ಕ್ರಿಯೇಟ್ ಹೊಡೆದಳು. ಐದು ನಿಮಿಷಕ್ಕೆ ಗುಡುಗಿ ದೀಪ ಆರಿತು. ಕತ್ತಲಲ್ಲಿ ಫೋನಿನ ಹಾಟ್‌ಸ್ಪಾಟ್ ಹಾಕಿ, ನಾನು ಹೇಳುವ ಮೊದಲೇ ಎನ್ವಿರಾನ್‌ಮೆಂಟ್ ಲಿಸ್ಟ್ ಹೊಡೆದು ನೋಡಿದಳು. ಹೆಸರು ಅಲ್ಲೇ ಇತ್ತು.